ಹಿರಿಯರು ಯಾವ ಕಾಯಿಲೆಯಿಂದ ತೀರಿಕೊಂಡರು?

1895ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ, ಬಟ್ಟೆ ಹೊಲಿದು ಜೀವನ ಸಾಗಿಸುತ್ತಿದ್ದ ಮಹಿಳೆಯೊಬ್ಬರು ಅಲ್ಲಿನ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರೊಡನೆ ತಮ್ಮ ಮನೆತನದ ವಿಷಯ ಹೇಳಿಕೊಂಡರು. ತಮ್ಮವರಲ್ಲಿ ಬಹಳ ಮಂದಿ ಹೊಟ್ಟೆ, ಕರುಳು ಅಥವಾ ಗರ್ಭಕೋಶದ ಕ್ಯಾನ್ಸರಿನಿಂದಲೇ ಸತ್ತಿದ್ದಾರೆ, ತಾನೂ ಹಾಗೆಯೇ ಬೇಗ ಸಾಯುವುದು ಖಂಡಿತ ಎಂದರು. ಅವರು ಹೇಳಿದಂತೆಯೇ ಆಯಿತು. ಗರ್ಭಕೋಶದ ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ವಾರ್ಥಿನ್ ಆ ಮಾತನ್ನು ತಳ್ಳಿಹಾಕದೆ, ಜರ್ಮನಿಯಿಂದ ವಲಸೆ ಬಂದಿದ್ದ ಆಕೆಯ ಅಜ್ಜನಿಂದ ಹಿಡಿದು ಇಡೀ ವಂಶದ ವಿವರಗಳನ್ನು ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ವೈದ್ಯಕೀಯ ಇತಿಹಾಸದಲ್ಲಿ ಅದು ‘ಕುಟುಂಬ ಜಿ’ ಎಂದು ಹೆಸರಾಗಿದೆ. ಆದರೆ ಕ್ಯಾನ್ಸರ್ ವಂಶದಲ್ಲಿ ಹರಿದು ಬರಬಹುದೆಂಬುದನ್ನು ಒಪ್ಪಲು ಆ ಕಾಲದ ವೈದ್ಯಲೋಕ ಸಿದ್ಧವಿರಲಿಲ್ಲ.

ಅರ್ಧ ಶತಮಾನದ ನಂತರ, 1960ರ ದಶಕದ ಆರಂಭದಲ್ಲಿ, ನೆಬ್ರಾಸ್ಕಾದ ಒಮಾಹಾದಲ್ಲಿ ತರಬೇತಿ ಪಡೆಯುತ್ತಿದ್ದ ಯುವ ವೈದ್ಯ ಹೆನ್ರಿ ಲಿಂಚ್ ಅವರಿಗೆ ಕುಡಿತದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬ ಸಿಕ್ಕಿದ. ಏಕೆ ಕುಡಿಯುತ್ತೀ ಎಂದು ಕೇಳಿದ್ದಕ್ಕೆ, ಮನೆಯವರೆಲ್ಲ ಕ್ಯಾನ್ಸರಿನಿಂದ ಸಾಯುತ್ತಿದ್ದಾರೆ, ನಾನೂ ಸಾಯುವವನೇ ಎಂಬ ಅರ್ಥದ ಉತ್ತರ ಬಂದಿತು. ಲಿಂಚ್ ಅವನ ನೆಂಟರಿಷ್ಟರನ್ನು ಒಬ್ಬೊಬ್ಬರಾಗಿ ಹುಡುಕಿದರು, ಮಿಶಿಗನ್‌ನ ಇನ್ನೊಂದು ಕುಟುಂಬವನ್ನೂ ಜೊತೆಗಿಟ್ಟು 1966ರಲ್ಲಿ ಪ್ರಬಂಧ ಬರೆದರು, ಮುಂದೆ ವಾರ್ಥಿನ್ ಅವರ ಹಳೆಯ ಕಡತಗಳನ್ನು ಪಡೆದು ಕುಟುಂಬ ಜಿಯ ಕಥೆಯನ್ನು ಮುಂದುವರಿಸಿದರು. ವಂಶದಲ್ಲಿ ಹರಿದು ಬರುವ ಈ ಕಾಯಿಲೆಗೆ ಇಂದು ಅವರದೇ ಹೆಸರು: ಲಿಂಚ್ ಸಿಂಡ್ರೋಮ್. ಸಂಶೋಧನೆಗೆ ಅನುದಾನ ಕೇಳಿದಾಗ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ನಿರಾಕರಣೆಯೇ. ಈ ಕಾಯಿಲೆಯಲ್ಲಿ ಕಣ್ಣಿಗೆ ಕಾಣುವ ಗುರುತು ಇಲ್ಲದಿದ್ದುದು ಅದಕ್ಕೊಂದು ಕಾರಣವಿರಬೇಕು. ಎಪಿಸಿ ಎಂಬ ಬೇರೊಂದು ವಂಶವಾಹಿ ಕೆಟ್ಟಿರುವವರ ಕರುಳಿನಲ್ಲಿ ಹದಿಹರೆಯದಲ್ಲೇ ನೂರಾರು, ಸಾವಿರಾರು ಪಾಲಿಪ್‌ಗಳು, ಅಂದರೆ ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟುಗಳು, ಕಾಣಿಸಿಕೊಳ್ಳುವುದರಿಂದ ಅದು ವಂಶದ ಕಾಯಿಲೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಲಿಂಚ್ ಕಂಡ ಕುಟುಂಬಗಳಲ್ಲಿ ಇದ್ದದ್ದು ಒಂದೆರಡು ಪಾಲಿಪ್ ಮತ್ತು ಸಾವುಗಳ ಪಟ್ಟಿ ಮಾತ್ರ.

ಕಾರಣ ಸಿಕ್ಕಿದ್ದು 1993ರಲ್ಲಿ. ಜೀವಕೋಶವೊಂದು ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎಯ ಸುಮಾರು 600 ಕೋಟಿ ಅಕ್ಷರಗಳನ್ನು ನಕಲು ಮಾಡಿಕೊಳ್ಳಬೇಕು, ಆ ನಕಲಿನಲ್ಲಿ ತಪ್ಪುಗಳು ಆಗಿಯೇ ಆಗುತ್ತವೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಎಂಬ ಪ್ರೋಟೀನುಗಳ ಜೋಡಿ ಆ ತಪ್ಪನ್ನು ಗುರುತಿಸುತ್ತದೆ. ಎಂಎಲ್‌ಎಚ್1 ಮತ್ತು ಪಿಎಂಎಸ್2 ಎಂಬ ಇನ್ನೊಂದು ಜೋಡಿ ಆ ತುಣುಕನ್ನು ಕತ್ತರಿಸಿ ಸರಿಪಡಿಸುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಲಿಂಚ್ ಸಿಂಡ್ರೋಮ್ ಇರುವವರು ಹುಟ್ಟುವಾಗಲೇ ಈ ನಾಲ್ಕು ಪ್ರೋಟೀನುಗಳನ್ನು ತಯಾರಿಸುವ ಅದೇ ಹೆಸರಿನ ವಂಶವಾಹಿಗಳಲ್ಲಿ ಒಂದರ ಕೆಟ್ಟ ಪ್ರತಿಯನ್ನು ತಂದೆಯಿಂದಲೋ ತಾಯಿಯಿಂದಲೋ ಪಡೆದಿರುತ್ತಾರೆ. ಇನ್ನೊಬ್ಬರಿಂದ ಬಂದ ಒಳ್ಳೆಯ ಪ್ರತಿ ಕೆಲಸ ಮಾಡುತ್ತಿರುವತನಕ ತೊಂದರೆಯಿಲ್ಲ. ಕರುಳಿನ ಒಳಪದರದ ಯಾವುದೋ ಒಂದು ಕೋಶದಲ್ಲಿ ಅದೂ ಕೆಟ್ಟಿತೆಂದರೆ ತಪ್ಪುಗಳು ರಾಶಿಯಾಗತೊಡಗುತ್ತವೆ, ಅದರಲ್ಲೂ ಒಂದೇ ಅಕ್ಷರ ಸಾಲಾಗಿ ಬರುವ ಜಾಗಗಳಲ್ಲಿ. ಬೆಳೆಯುವುದನ್ನು ನಿಲ್ಲಿಸು ಎಂಬ ಸಂದೇಶವನ್ನು ಕೋಶಕ್ಕೆ ತಲುಪಿಸುವ ಒಂದು ಗ್ರಾಹಕದ ವಂಶವಾಹಿಯಲ್ಲಿ ಎ ಅಕ್ಷರ ಹತ್ತು ಬಾರಿ ಒಂದರ ಪಕ್ಕ ಒಂದು ಬರುತ್ತದೆ; ಅದರಲ್ಲಿ ಒಂದು ಬಿಟ್ಟುಹೋದರೂ ಆ ಕೋಶಕ್ಕೆ ನಿಲ್ಲುವ ಆಜ್ಞೆ ಕೇಳಿಸದು. ಸಾಮಾನ್ಯವಾಗಿ ಪಾಲಿಪ್ ಒಂದು ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ಕಾಲ ಹಿಡಿದರೆ, ಇವರಲ್ಲಿ ಒಂದೆರಡು ವರ್ಷಗಳಲ್ಲಿಯೇ ಆಗಿಬಿಡಬಹುದು. ಕುಟುಂಬ ಜಿಯಲ್ಲಿ ಕೆಟ್ಟಿದ್ದು ಎಂಎಸ್‌ಎಚ್2 ಎಂಬುದು ತಿಳಿದಾಗ, ಆ ಮಹಿಳೆ ತಮ್ಮ ಭಯ ಹೇಳಿಕೊಂಡು ನೂರು ವರ್ಷ ದಾಟಿತ್ತು.

ಕರುಳಿನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಅದು ವಂಶದಿಂದ ಬಂದದ್ದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅವರಲ್ಲಿ ಲಿಂಚ್ ಸಿಂಡ್ರೋಮ್ ಇರುವವರು ನೂರಕ್ಕೆ ಸುಮಾರು ಮೂವರು. ಆ ಮೂವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಎಲ್ಲರೂ ಮೂಲವ್ಯಾಧಿಯೆಂದೇ ತಿಳಿದು ಬಹಳ ದಿನ ಕಳೆದಿದ್ದೆವು. ಗೆಡ್ಡೆಯನ್ನು ತೆಗೆದ ಮೇಲೆ ಬಂದ ವರದಿಯಲ್ಲಿ ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಪ್ರೋಟೀನುಗಳು ಕಾಣುತ್ತಿಲ್ಲವೆಂದು ಬರೆದಿತ್ತು. ವಂಶವೃಕ್ಷ ಬರೆಯಲು ಕುಳಿತ ವೈದ್ಯೆ ಅಜ್ಜಿ ಏನಾಗಿ ತೀರಿಕೊಂಡರು ಎಂದು ಕೇಳಿದಾಗ ನಮ್ಮ ಬಳಿ ಇದ್ದ ಉತ್ತರ ‘ಹೊಟ್ಟೆನೋವು’ ಎಂಬುದೊಂದೇ. ದೊಡ್ಡತ್ತೆ ಗರ್ಭಕೋಶ ತೆಗೆಸಿಕೊಂಡಿದ್ದು ಏಕೆಂಬುದು ಅವರ ಮಕ್ಕಳಿಗೂ ಗೊತ್ತಿರಲಿಲ್ಲ, ಅದು ಕ್ಯಾನ್ಸರ್ ಆಗಿತ್ತೆಂದು ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿದ ಮೇಲೆ ತಿಳಿಯಿತು. ಹೆಣ್ಣುಮಕ್ಕಳ ಸಂಬಂಧ ತಪ್ಪಿಹೋದೀತೆಂಬ ಅಂಜಿಕೆಯಿಂದ ಮನೆಯ ಹಿರಿಯರು ಮುಚ್ಚಿಟ್ಟಿದ್ದರು. ಅವರ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಈ ರೋಗದಲ್ಲಿ ಮುಚ್ಚಿಟ್ಟ ಮಾತಿನ ಬೆಲೆಯನ್ನು ಮುಂದಿನ ತಲೆಮಾರು ತೆರುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಲಿಂಚ್ ಸಿಂಡ್ರೋಮ್ ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಸೋದರತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವ ರೂಢಿ ಇರುವಲ್ಲಿ, ಗಂಡಹೆಂಡಿರಿಬ್ಬರೂ ಒಂದೇ ಕೆಟ್ಟ ಪ್ರತಿಯನ್ನು ಹೊತ್ತಿರುವ ಸಂಭವ ಹೆಚ್ಚು. ಹಾಗಿದ್ದಾಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಪ್ರತಿಗಳು ಕೆಟ್ಟೇ ಬರುವ ಸಾಧ್ಯತೆಯಿರುತ್ತದೆ. ಅಂಥ ಮಕ್ಕಳ ಚರ್ಮದ ಮೇಲೆ ಕಂದು ಮಚ್ಚೆಗಳು ಕಾಣಿಸಿಕೊಳ್ಳಬಹುದು. ಮೆದುಳು, ರಕ್ತ ಅಥವಾ ಕರುಳಿನ ಕ್ಯಾನ್ಸರ್ ಬಾಲ್ಯದಲ್ಲಿಯೇ ಬರಬಹುದು. ಎಂಯುಟಿವೈಎಚ್ ಎಂಬ ಇನ್ನೊಂದು ವಂಶವಾಹಿಯ ಕಥೆಯೂ ಇದಕ್ಕೆ ಹತ್ತಿರದ್ದು: ಅದರ ಎರಡೂ ಪ್ರತಿಗಳು ಕೆಟ್ಟರೆ ಕರುಳಿನಲ್ಲಿ ಅನೇಕ ಪಾಲಿಪ್‌ಗಳು ಬೆಳೆಯುತ್ತವೆ, ತಂದೆತಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಸೋದರಿಕೆಯ ಮದುವೆಗಳ ಮಾತು ಬಂದಾಗ ಕಿವುಡು, ಬುದ್ಧಿಮಾಂದ್ಯಗಳನ್ನು ಹೇಳುವಷ್ಟು ನಾವು ಈ ಕ್ಯಾನ್ಸರುಗಳನ್ನು ಹೇಳುವುದಿಲ್ಲ, ಹೇಳಬೇಕೆಂಬುದು ನನ್ನ ಅಭಿಪ್ರಾಯ.

ತಿಳಿದು ಮಾಡುವುದೇನು ಎಂದು ನಮ್ಮ ಮನೆಯಲ್ಲಿಯೇ ಕೆಲವರು ಕೇಳಿದರು. ಮಾಡುವುದು ಬಹಳವಿದೆ. ಫಿನ್ಲೆಂಡಿನಲ್ಲಿ 15 ವರ್ಷ ನಡೆದ ಅಧ್ಯಯನದಲ್ಲಿ, ಮೂರು ವರ್ಷಕ್ಕೊಮ್ಮೆ ಕರುಳಿನ ಒಳಭಾಗವನ್ನು ಪರೀಕ್ಷಿಸಿಕೊಂಡ ಇಂಥ ಕುಟುಂಬಗಳವರಲ್ಲಿ ಕರುಳಿನ ಕ್ಯಾನ್ಸರ್ ಅರ್ಧಕ್ಕಿಂತ ಕಡಿಮೆಯಾಯಿತು. ಈಗ ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಕೆಟ್ಟಿರುವವರಿಗೆ ಸುಮಾರು 25ನೆಯ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಭಾಗದ ಪರೀಕ್ಷೆ, ಮಾಡಿಸಲು ಹೇಳುತ್ತಾರೆ. ಮಹಿಳೆಯರಿಗೆ ಗರ್ಭಕೋಶ ಮತ್ತು ಅಂಡಾಶಯದ ವಿಷಯದಲ್ಲೂ ಸಲಹೆ ಬೇಕು, ಏಕೆಂದರೆ ಕೆಲವರಲ್ಲಿ ಮೊದಲು ಬರುವುದು ಗರ್ಭಕೋಶದ ಕ್ಯಾನ್ಸರೇ. ಬ್ರಿಟನ್ನಿನ ಜಾನ್ ಬರ್ನ್ ಅವರ ನೇತೃತ್ವದ ಪ್ರಯೋಗದಲ್ಲಿ, ಎರಡು ವರ್ಷ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ ವರ್ಷಗಳ ನಂತರವೂ ಕರುಳಿನ ಕ್ಯಾನ್ಸರ್ ಕಡಿಮೆ ಕಂಡುಬಂದಿತು. ಆದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿರುವುದರಿಂದ ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು. ಕ್ಯಾನ್ಸರ್ ಬಂದ ಮೇಲೂ ದಾರಿಯಿದೆ. ತಪ್ಪುಗಳು ತುಂಬಿದ ಇಂಥ ಗೆಡ್ಡೆ ದೇಹದ ರಕ್ಷಣಾ ವ್ಯವಸ್ಥೆಗೆ ಪರಕೀಯವಾಗಿ ಕಾಣುತ್ತದೆ, ಆದ್ದರಿಂದ ಆ ವ್ಯವಸ್ಥೆಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಔಷಧಗಳು ಇಲ್ಲಿ ಬೇರೆ ಕರುಳಿನ ಕ್ಯಾನ್ಸರುಗಳಿಗಿಂತ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಅವುಗಳ ಬೆಲೆ ನಮ್ಮಂಥವರಿಗೆ ಎಟುಕುವಂತಿಲ್ಲ ಎಂಬುದು ನನ್ನನ್ನು ಬಾಧಿಸುತ್ತದೆ.

ಚಿಕ್ಕಪ್ಪನ ಇಬ್ಬರು ಮಕ್ಕಳಲ್ಲಿ ಮಗಳಿಗೆ ಕೆಟ್ಟ ಪ್ರತಿ ಬಂದಿದೆ, ಮಗನಿಗೆ ಬಂದಿಲ್ಲ. ಅವನಿಗೂ ಅವನ ಮುಂದಿನವರಿಗೂ ಈ ವಿಶೇಷ ತಪಾಸಣೆ ಬೇಕಿಲ್ಲ. ಅವಳು ಮೊದಲ ಕೊಲೊನೋಸ್ಕೋಪಿ ಮಾಡಿಸಿಕೊಂಡಾಗ ಸಣ್ಣ ಪಾಲಿಪ್ ಒಂದು ಸಿಕ್ಕಿತು, ಅಲ್ಲಿಯೇ ತೆಗೆದರು. ದೊಡ್ಡತ್ತೆಯ ಮಕ್ಕಳ ಪೈಕಿ ಒಬ್ಬರು ಪರೀಕ್ಷೆಗೆ ಒಪ್ಪಿದ್ದಾರೆ, ಉಳಿದವರೊಡನೆ ಇನ್ನೂ ಮಾತನಾಡುತ್ತಿದ್ದೇನೆ.

ನಿಮ್ಮ ಮನೆಯಲ್ಲಿ 50 ವಯಸ್ಸಿನೊಳಗೆ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ, ಬಯಾಪ್ಸಿ ವರದಿಯಲ್ಲಿ ಆ ನಾಲ್ಕು ಪ್ರೋಟೀನುಗಳ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಆ ಪರೀಕ್ಷೆ ಏಕೆ ಮಾಡಿಲ್ಲವೆಂದು ಕೇಳಿ. ಗೆಡ್ಡೆಯ ತುಣುಕನ್ನು ಆಸ್ಪತ್ರೆಯ ಪ್ರಯೋಗಾಲಯದವರು ಮೇಣದ ಬ್ಲಾಕ್‌ನಲ್ಲಿ ಹಲವು ವರ್ಷ ಕಾಪಾಡಿ ಇಡುತ್ತಾರೆ. ರೋಗಿ ತೀರಿಕೊಂಡಿದ್ದರೂ ಆ ಬ್ಲಾಕ್‌ನಿಂದ ಪರೀಕ್ಷೆ ಮಾಡಿಸಬಹುದು.