ನಲವತ್ತು ಸೆಕೆಂಡಿನ ಕತ್ತಲು: ನಮ್ಮ ನಾಟಕಕ್ಕೆ ಲ್ಯಾಪ್‌ಟಾಪ್ ಲೈಟಿಂಗ್, ಇಲ್ಲಿಯವರೆಗೆ

ಜೂನ್ 8

ನಮ್ಮ ತಂಡದ ಹೊಸ ನಾಟಕ ಮುಳುಗಡೆಯ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತಲ್ಲ, ಅದರ ಹಿನ್ನೀರಿಗೆ ಮನೆ ಬಿಟ್ಟು ಹೊರಡುವ ಒಬ್ಬ ಅಜ್ಜಿ. ಬರೆದವರು ನಮ್ಮ ಮೇಷ್ಟ್ರು, ನಿರ್ದೇಶನವೂ ಅವರದೇ. ಕೊನೆಯ ದೃಶ್ಯದಲ್ಲಿ ಅಜ್ಜಿ ಆರಿದ ಒಲೆಯ ಮುಂದೆ ಕೂತಿರುತ್ತಾಳೆ. ಮಾತಿಲ್ಲ. ಹೊರಗೆ ಗಾಡಿ ಕಾಯುತ್ತಿದೆ. ಬೆಳಕು ಇಳಿಯುತ್ತಾ ಇಳಿಯುತ್ತಾ ಪೂರ್ತಿ ಕತ್ತಲಾಗಬೇಕು.

ಎಷ್ಟು ಹೊತ್ತು ಅಂತ ಕೇಳಿದೆ. "ನಲವತ್ತು ಸೆಕೆಂಡ್. ಬೆಳಕು ಹೋಗ್ತಾ ಇರೋದು ಕಾಣಬಾರದು ಕಣಯ್ಯಾ. ಕಡೆಗೆ ಹೋಗಿಬಿಟ್ಟಿರಬೇಕು" ಅಂದರು.

ಇಷ್ಟು ವರ್ಷ ನಾವು ಬಾಡಿಗೆ ಲೈಟ್ ತರಿಸುತ್ತಿದ್ದೆವು. ಲೈಟಿಂಗ್ ಅಣ್ಣ ಬಂದು ಹ್ಯಾಲೊಜೆನ್ ಕಟ್ಟಿ, ಡಿಮ್ಮರ್ ಬೋರ್ಡಿನ ಹಿಡಿಗಳನ್ನು ಕೈಯಲ್ಲೇ ಏರಿಸಿ ಇಳಿಸುತ್ತಿದ್ದರು. ಹೋದ ವರ್ಷ ಊರಿನವರೊಬ್ಬರು ಕೊಟ್ಟ ದುಡ್ಡಿನಲ್ಲಿ ಎಂಟು ಎಲ್‌ಇಡಿ ಪಾರ್ (ವೇದಿಕೆಯ ದೀಪ) ಕೊಂಡೆವು. ಲೈಟೇನೋ ನಮ್ಮದಾಯಿತು, ಆದರೆ ಅದನ್ನು ನಡೆಸುವ ಸಾಧನ ಇಲ್ಲ. ಅದನ್ನು ಹೊಂದಿಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ನನ್ನ ಹತ್ತಿರ ಇರುವುದು ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು 8,000 ರೂಪಾಯಿ. ಪ್ರದರ್ಶನ ಆಗಸ್ಟ್ ಕೊನೆಗೆ.

ಜೂನ್ 14

ಮೊದಲು ಎಲ್ಲರೂ ಹೇಳಿದ್ದು 192 ಚಾನೆಲ್ ಬೋರ್ಡ್ ತಗೋ ಅಂತ. ಆರ್ಕೆಸ್ಟ್ರಾದವರ ಹತ್ತಿರ ಇರುತ್ತದಲ್ಲ, ಕಪ್ಪು ಡಬ್ಬಿ, ಎಂಟು ಹಿಡಿ, ಅದೇ. ಹನ್ನೆರಡು ಲೈಟ್, ಒಂದೊಂದಕ್ಕೆ 16 ಚಾನೆಲ್, ಅಂದರೆ ಲೈಟಿನ ಬೆಳಕು, ಬಣ್ಣ ಹೀಗೆ ಒಂದೊಂದನ್ನು ನಡೆಸುವ ದಾರಿ. 240 ಸೀನ್ (ಬೆಳಕಿನ ಜೋಡಣೆ) ಉಳಿಸಿಟ್ಟುಕೊಳ್ಳಬಹುದು. ಅಗ್ಗ, ಗಟ್ಟಿ, ಆನ್ ಮಾಡಿದರೆ ಸಾಕು. ಸ್ನೇಹಿತನ ಬೋರ್ಡ್ ತಂದು ಎರಡು ಸಂಜೆ ಕೂತು ನೋಡಿದೆ.

ಅದು ಹಾಡಿಗೆ ಸರಿ. ನಾಟಕಕ್ಕೆ ಸಾಲದು. ಸೀನ್ ಬಟನ್ ಒತ್ತಿದ ಕೂಡಲೇ ಬೆಳಕು ಥಟ್ಟನೆ ಬದಲಾಗುತ್ತದೆ. ನಿಧಾನವಾಗಿ ಬದಲಾಗಬೇಕು ಅಂದರೆ ಚೇಸ್‌ಗೆ ಹಾಕಬೇಕು, ಅಂದರೆ ಸೀನ್ ಒಂದಾದ ಮೇಲೊಂದು ತಾನೇ ಓಡುವ ಸಾಲಿಗೆ, ಅಲ್ಲಿ ಎಲ್ಲ ಹೆಜ್ಜೆಗೂ ಒಂದೇ ವೇಗ. ನಮ್ಮ ನಾಟಕದಲ್ಲಿ 31 ಕ್ಯೂ ಇವೆ, ಅಂದರೆ ಬೆಳಕು ಬದಲಾಗುವ ಜಾಗಗಳು. ಒಂದು 3 ಸೆಕೆಂಡ್, ಇನ್ನೊಂದು 12, ಕೊನೆಯದು 40. ಪ್ರತಿ ಕ್ಯೂಗೂ ಅದರದೇ ಸಮಯ ಬೇಕು. ಕಂಪ್ಯೂಟರ್ ದಾರಿಯೇ ಸರಿ ಅಂತ ಅವತ್ತೇ ತೀರ್ಮಾನಿಸಿದೆ.

ಜೂನ್ 22

ಸಾಫ್ಟ್‌ವೇರ್ ಆರಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಫ್ರೀಸ್ಟೈಲರ್ ಉಚಿತ, ಆದರೆ ವಿಂಡೋಸ್‌ಗೆ ಮಾತ್ರ. ಲೈಟ್‌ಕೀ ಮ್ಯಾಕ್‌ಗೆ ಮಾತ್ರ. ಮ್ಯಾಜಿಕ್‌ಕ್ಯೂ ದೊಡ್ಡ ವೇದಿಕೆಯವರು ಬಳಸುವಂಥದು, ಕಲಿಯಲು ನನಗೆ ಎರಡು ತಿಂಗಳು ಸಾಲದು. ಉಳಿದದ್ದು ಕ್ಯೂಎಲ್‌ಸಿ ಪ್ಲಸ್. ಪೂರ್ತಿ ಉಚಿತ, ಮೂಲ ಕೋಡ್ ಕೂಡ ತೆರೆದೇ ಇದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೂ ಓಡುತ್ತದೆ. ಅದನ್ನೇ ಹಾಕಿಕೊಂಡೆ.

ಕಷ್ಟ ಇದ್ದದ್ದು ಲ್ಯಾಪ್‌ಟಾಪಿಗೂ ಲೈಟಿಗೂ ಮಧ್ಯೆ ಕೂರುವ ಡಾಂಗಲ್‌ನಲ್ಲಿ.

ಲೈಟುಗಳು ಮಾತಾಡುವುದು ಡಿಎಂಎಕ್ಸ್ 512 ಅನ್ನುವ ಭಾಷೆಯಲ್ಲಿ. 1986ರಲ್ಲಿ ಅಮೆರಿಕದ ಯುಎಸ್‌ಐಟಿಟಿ ಅನ್ನುವ ರಂಗತಂತ್ರದವರ ಸಂಸ್ಥೆ ಮಾಡಿದ್ದು. ಒಂದು ಕೇಬಲ್‌ನಲ್ಲಿ 512 ಚಾನೆಲ್, ಒಂದೊಂದಕ್ಕೆ 0ರಿಂದ 255ರವರೆಗೆ ಒಂದು ಸಂಖ್ಯೆ. ಇಡೀ ಪಟ್ಟಿ ಸೆಕೆಂಡಿಗೆ ಸುಮಾರು 44 ಸಲ ಹೋಗುತ್ತಲೇ ಇರುತ್ತದೆ. ಲೈಟು ತನ್ನ ನಂಬರ್ ಬರುವವರೆಗೆ ಎಣಿಸಿ, ತನ್ನ ಪಾಲಿನದನ್ನು ಎತ್ತಿಕೊಳ್ಳುತ್ತದೆ. ನ್ಯಾಯಬೆಲೆ ಅಂಗಡಿ ಸಾಲಿನ ಹಾಗೆ. ಲೈಟು ತಿರುಗಿ ಏನೂ ಹೇಳುವುದಿಲ್ಲ. ಹಾಗಾಗಿ ಎಣಿಕೆ ಒಂದು ಸಲ ತಪ್ಪಿದರೆ ಪಕ್ಕದವನ ಪಾಲು ಇವನ ಕೈಗೆ ಬರುತ್ತದೆ.

350 ರೂಪಾಯಿಯ ಯುಎಸ್‌ಬಿ ಆರ್‌ಎಸ್ 485 ಡಾಂಗಲ್ ತಂದೆ. ಚುಚ್ಚಿದೆ. ಸಾಫ್ಟ್‌ವೇರ್‌ನಲ್ಲಿ ಅದರ ಹೆಸರೇ ಬರಲಿಲ್ಲ. ಮೂರು ದಿನ ಒದ್ದಾಡಿದ ಮೇಲೆ ಗೊತ್ತಾಯಿತು, ಒಳಗಿನ ಚಿಪ್ ಬೇರೆ ಜಾತಿಯದು. ಕ್ಯೂಎಲ್‌ಸಿ ಪ್ಲಸ್ ಈ ಬಗೆಯವುಗಳಲ್ಲಿ ನೇರವಾಗಿ ಗುರುತಿಸುವುದು ಎಫ್‌ಟಿಡಿಐ ಅನ್ನುವ ಕಂಪನಿಯ ಚಿಪ್ ಇರುವ ಡಾಂಗಲ್‌ಗಳನ್ನು. ಕೊಳ್ಳುವವರು ದಯವಿಟ್ಟು ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಜುಲೈ 6

ಎಫ್‌ಟಿಡಿಐ ಚಿಪ್ ಇರುವ ಡಾಂಗಲ್ ಬಂತು. 1,400 ರೂಪಾಯಿ. ಚುಚ್ಚಿದ ಕೂಡಲೇ ಕಂಡಿತು. ಮೊದಲ ಪಾರ್ ಕೆಂಪಗೆ ಉರಿದಾಗ ಆದ ಸಂತೋಷ ಹೇಳತೀರದು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ನಮ್ಮ ಪಾರ್‌ಗಳ ವಿವರ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಇರಲಿಲ್ಲ. ಒಂದೊಂದೇ ಹಿಡಿ ಏರಿಸಿ, ಏನಾಗುತ್ತದೆ ನೋಡಿ ಬರೆದುಕೊಂಡೆ. ಏಳು ಚಾನೆಲ್: ಮಾಸ್ಟರ್ (ಒಟ್ಟು ಬೆಳಕು), ಕೆಂಪು, ಹಸಿರು, ನೀಲಿ, ಸ್ಟ್ರೋಬ್, ತಾನೇ ಕುಣಿಯುವ ಪ್ರೋಗ್ರಾಂ, ಅದರ ವೇಗ. ಆರನೆಯದು ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ಅಜ್ಜಿಯ ಅಡುಗೆಮನೆ ಡಿಸ್ಕೋ ಆಗುತ್ತದೆ. ವಿಳಾಸಗಳನ್ನು 1, 8, 15, 22 ಹೀಗೆ ಏಳೇಳರಂತೆ ಕೊಟ್ಟು, ಪ್ರತಿ ಲೈಟಿನ ಬೆನ್ನಿಗೂ ಚೀಟಿ ಅಂಟಿಸಿದೆ.

ರಾತ್ರಿ ಒಂದು ತೊಂದರೆ ಕಂಡಿತು. ಹತ್ತು ನಿಮಿಷಕ್ಕೊಮ್ಮೆ ಎಲ್ಲ ಲೈಟೂ ಒಂದು ಕ್ಷಣ ಮಿಟುಕುತ್ತವೆ. ಲ್ಯಾಪ್‌ಟಾಪ್ ಹಿಂದೆ ಏನಾದರೂ ಅಪ್‌ಡೇಟ್ ಓಡುತ್ತಿದ್ದರೆ ಇನ್ನೂ ಜಾಸ್ತಿ.

ಕಾರಣ ಇದು. ಈ ಬಗೆಯ ಡಾಂಗಲ್‌ನಲ್ಲಿ ಬುದ್ಧಿ ಇಲ್ಲ. ಪ್ರತಿ ಪಟ್ಟಿಯ ಶುರುವಿನಲ್ಲಿ ಒಂದು ಪುಟ್ಟ ಬಿಡುವು ಇರಬೇಕು, ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಆ ಬಿಡುವನ್ನೂ, ನಂತರದ ಲೆಕ್ಕವನ್ನೂ ಲ್ಯಾಪ್‌ಟಾಪೇ ಹಿಡಿಯಬೇಕು. ಲ್ಯಾಪ್‌ಟಾಪಿಗೆ ಬೇರೆ ಕೆಲಸ ಬಂದರೆ ತಾಳ ತಪ್ಪುತ್ತದೆ. ಬೇಡದ್ದನ್ನೆಲ್ಲ ತೆಗೆದು ಲಿನಕ್ಸ್ ಹಾಕಿದೆ. ತುಂಬಾ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಜುಲೈ 13

ಇವತ್ತು ಹಾಲ್‌ನಲ್ಲಿ ಎಂಟೂ ಲೈಟ್ ಕಟ್ಟಿದೆವು. ಹೊರಗೆ ಜಡಿಮಳೆ. ಕೊನೆಯ ಎರಡು ಪಾರ್ ಸುಮ್ಮನೆ ನಡುಗುತ್ತವೆ, ಇದು ಮೊದಲಿನ ಮಿಟುಕು ಅಲ್ಲ. ನಾನು ಮೈಕ್ ಕೇಬಲ್‌ಗಳನ್ನೇ ಒಂದಕ್ಕೊಂದು ಸೇರಿಸಿ ಸುಮಾರು 40 ಮೀಟರ್ ಎಳೆದಿದ್ದೆ. ಸಾಲಿನ ತುದಿಗೆ ಹೋದ ಸಂಕೇತ ಅಲ್ಲಿ ನಿಲ್ಲದೆ ಗೋಡೆಗೆ ಬಡಿದ ಕೂಗಿನಂತೆ ವಾಪಸ್ ಬರುತ್ತದೆ. ಮೈಕ್ ಕೇಬಲ್ ತುದಿಯಲ್ಲಿರುವಂಥ, ಮೂರು ಪಿನ್ನಿನ ಒಂದು ಗಂಡು ಎಕ್ಸ್‌ಎಲ್‌ಆರ್ ಪ್ಲಗ್‌ನಲ್ಲಿ 2 ಮತ್ತು 3ನೇ ಪಿನ್‌ಗಳ ಮಧ್ಯೆ 120 ಓಮ್ ರೆಸಿಸ್ಟರ್ ಬೆಸೆದು ಕೊನೆಯ ಲೈಟಿನ ಔಟ್‌ಗೆ ಚುಚ್ಚಿದೆ. ನಡುಕ ನಿಂತಿತು. ಎರಡು ರೂಪಾಯಿಯ ರೆಸಿಸ್ಟರ್! ಸರಿಯಾದ ಡಿಎಂಎಕ್ಸ್ ಕೇಬಲ್ ಮುಂದಿನ ವರ್ಷ ಕೊಳ್ಳುತ್ತೇನೆ.

ಜುಲೈ 19

ಮೂರನೇ ಡಾಂಗಲ್ ತರಿಸಿದೆ. 4,800 ರೂಪಾಯಿ. ಇಷ್ಟು ಕೊಡಬೇಕಾ ಅಂತ ತಂಡದಲ್ಲಿ ಮಾತು ಬಂತು. ನನ್ನ ಉತ್ತರ, ಹೌದು, ದುಡ್ಡು ಹೋಗಬೇಕಾದ ಜಾಗ ಇದೊಂದೇ. ಇದರೊಳಗೆ ಸ್ವಂತ ಪುಟ್ಟ ಪ್ರೊಸೆಸರ್ ಇದೆ. ಲ್ಯಾಪ್‌ಟಾಪ್ ಸಂಖ್ಯೆ ಕೊಟ್ಟರೆ ಸಾಕು, ತಾಳ ಹಿಡಿಯುವುದು ಇದರ ಕೆಲಸ. ಲ್ಯಾಪ್‌ಟಾಪ್ ಒಂದು ಗಳಿಗೆ ತಡವರಿಸಿದರೂ ಕೊನೆಗೆ ಬಂದ ಪಟ್ಟಿಯನ್ನೇ ಮತ್ತೆ ಮತ್ತೆ ಕಳಿಸುತ್ತದೆ. ರಂಗದ ಮೇಲೆ ಏನೂ ಕಾಣುವುದಿಲ್ಲ.

ಇನ್ನೊಂದು, ಲೈಟಿನ ಕಡೆಯ ವೈರಿಗೂ ಯುಎಸ್‌ಬಿ ಕಡೆಗೂ ನೇರ ಸಂಪರ್ಕವಿಲ್ಲ, ಮಧ್ಯೆ ಐಸೊಲೇಶನ್ ಇದೆ. ನಮ್ಮ ಹಾಲ್‌ಗಳ ಅರ್ತಿಂಗ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಕರೆಂಟ್ ಹೋಗಿ ಜನರೇಟರ್ ಬರುವುದು ಮಳೆಗಾಲದಲ್ಲಿ ದಿನಾ ಇರುವ ಕಥೆ. ಆ ಕಡೆ ಏನಾದರೂ ಆದರೆ ಲ್ಯಾಪ್‌ಟಾಪ್ ಉಳಿಯಬೇಕು.

ನಾಲ್ಕು ಗಂಟೆ ಬಿಡದೆ ಓಡಿಸಿದೆ. ಒಂದು ಸಲವೂ ಮಿಟುಕಲಿಲ್ಲ. ಶುರುವಿನಲ್ಲೇ ಇದನ್ನು ಕೊಂಡಿದ್ದರೆ 1,750 ರೂಪಾಯಿ ಉಳಿಯುತ್ತಿತ್ತು.

ಜುಲೈ 27

31 ಕ್ಯೂ ತುಂಬಿಸಿದ್ದಾಯಿತು. ಪ್ರತಿ ನೋಟವೂ ಒಂದು ಸೀನ್. ಅವನ್ನೆಲ್ಲ ಸಾಲಾಗಿ ಚೇಸರ್‌ಗೆ ಹಾಕಿ, ಪ್ರತಿ ಹೆಜ್ಜೆಗೂ ಬೇರೆ ಫೇಡ್ ಸಮಯ ಕೊಟ್ಟು, ನಾನು ಹೇಳುವವರೆಗೆ ಮುಂದೆ ಹೋಗಬೇಡ ಅಂತ ಹಿಡಿದಿಟ್ಟೆ. ಆ ಸಾಲನ್ನು ಕ್ಯೂ ಲಿಸ್ಟ್‌ಗೆ ಜೋಡಿಸಿ ಸ್ಪೇಸ್ ಬಾರ್‌ಗೆ ಕೊಟ್ಟೆ. ಈಗ ನನ್ನ ಕೆಲಸ ಮಾತು ಕೇಳುವುದು, ಸ್ಪೇಸ್ ಒತ್ತುವುದು. ಪ್ರತಿ ಕ್ಯೂಗೆ ಆ ಜಾಗದ ಮಾತನ್ನೇ ಕನ್ನಡದಲ್ಲಿ ಹೆಸರಾಗಿ ಇಟ್ಟಿದ್ದೇನೆ. ನನಗೆ ಜ್ವರ ಬಂದರೂ ಬೇರೆ ಯಾರಾದರೂ ನಡೆಸಬಹುದು.

ಆಗಸ್ಟ್ 3

ಕೊನೆಯ ದೃಶ್ಯವನ್ನು ಮೊದಲ ಸಲ ಬೆಳಕಿನಲ್ಲಿ ಮಾಡಿದೆವು. ಮೇಷ್ಟ್ರು ನೋಡಿ ಏನೂ ಹೇಳಲಿಲ್ಲ. ಸುಮ್ಮನೆ ಎದ್ದು ಹೋಗಿ ಟೀ ಕುಡಿದರು. ಅದಕ್ಕಿಂತ ಬೈದಿದ್ದರೇ ವಾಸಿ ಇತ್ತು.

ತಪ್ಪು ನನಗೂ ಕಂಡಿತ್ತು. 30 ಸೆಕೆಂಡ್ ಆಗುವವರೆಗೆ ಬೆಳಕು ಇಳಿದ ಹಾಗೇ ಕಾಣಲಿಲ್ಲ. ಆಮೇಲೆ ಒಮ್ಮೆಲೇ ಕುಸಿಯಿತು. ಕೊನೆಗೆ ಮೆಟ್ಟಿಲು ಇಳಿದ ಹಾಗೆ ಟಕ್, ಟಕ್, ಟಕ್, ಕತ್ತಲು. ಸಾಲದ್ದಕ್ಕೆ ಕೊನೆಯ ಸೆಕೆಂಡಿನಲ್ಲಿ ಅಜ್ಜಿಯ ಪಾತ್ರ ಮಾಡುವ ಅಕ್ಕನ ಮುಖ ರಕ್ತಗೆಂಪು.

ರಾತ್ರಿ ಕೂತು ಲೆಕ್ಕ ಹಾಕಿದೆ. 40 ಸೆಕೆಂಡಿಗೆ 255 ಮೆಟ್ಟಿಲು, ಅಂದರೆ ಸೆಕೆಂಡಿಗೆ ಆರು ಚಿಲ್ಲರೆ. 200ರಿಂದ 199ಕ್ಕೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ 2ರಿಂದ 1ಕ್ಕೆ ಇಳಿದರೆ ಬೆಳಕು ಅರ್ಧಕ್ಕೆ ಅರ್ಧ ಹೋದಂತೆ. ಕಣ್ಣು ಅಳೆಯುವುದು ಎಷ್ಟು ಪಾಲು ಹೋಯಿತು ಅನ್ನುವುದನ್ನು. ಎಲ್‌ಇಡಿ ಮಾತ್ರ ಹೇಳಿದ ಸಂಖ್ಯೆಯನ್ನು ಆ ಕ್ಷಣವೇ ಪಾಲಿಸುತ್ತದೆ. ಕೆಂಪಿಗೂ ಕಾರಣ ಸಿಕ್ಕಿತು. ಕಂದೀಲಿನ ಬಣ್ಣಕ್ಕೆ ಕೆಂಪು ಜಾಸ್ತಿ, ಹಸಿರು ಕಡಿಮೆ ಬೆರೆಸಿದ್ದೆ. ಮಾಸ್ಟರ್ ಇಳಿಯುತ್ತಾ ಹಸಿರು ಮೊದಲು ಸೊನ್ನೆಗೆ ಬರುತ್ತದೆ, ಕೆಂಪೊಂದೇ ಉಳಿಯುತ್ತದೆ.

ಚಾನೆಲ್ ಮಾಡಿಫೈಯರ್ ಅಂತ ಒಂದು ಸೌಲಭ್ಯ ಇದೆ, ಇಳಿಜಾರಿನ ಆಕಾರ ಬದಲಿಸಬಹುದು. ಹಾಕಿದೆ. ಕುಸಿತ ಸರಿಹೋಯಿತು. ಮೆಟ್ಟಿಲು ಮಾತ್ರ ಇನ್ನಷ್ಟು ಎದ್ದು ಕಂಡವು, ಒಂದೊಂದರ ಮೇಲೂ ಈಗ ಜಾಸ್ತಿ ಹೊತ್ತು ನಿಲ್ಲುತ್ತದಲ್ಲ. 16 ಬಿಟ್ ಡಿಮ್ಮಿಂಗ್ ಇರುವ ಲೈಟಾದರೆ ಒಂದೊಂದು ಮೆಟ್ಟಿಲನ್ನೂ 256 ಚೂರು ಮಾಡುತ್ತದೆ. ನಮ್ಮವು 8 ಬಿಟ್‌ನವು.

ಆಗಸ್ಟ್ 10

ಲೈಟಿಂಗ್ ಅಣ್ಣನ ಮನೆಗೆ ಹೋದೆ. ಈ ವರ್ಷ ಅವರನ್ನು ಕರೆಯಲಿಲ್ಲ ಅಂತ ನನಗೆ ಅಳುಕಿತ್ತು. ಎಲ್ಲ ಹೇಳಿಕೊಂಡೆ. ಅವರು ಕೇಳಿ, "ಎಲ್‌ಇಡಿಗೆ ಬಿಸಿ ಇಲ್ಲಪ್ಪಾ. ಬಿಸಿ ಇರೋದು ಬೇಗ ಆರೋದಿಲ್ಲ" ಅಂದರು. 500 ವ್ಯಾಟಿನ ಹ್ಯಾಲೊಜೆನ್ ಸ್ಪಾಟ್ ಎರಡು ಮತ್ತು ಡಿಎಂಎಕ್ಸ್ ಇರುವ ನಾಲ್ಕು ಚಾನೆಲ್ ಡಿಮ್ಮರ್ ಪ್ಯಾಕ್ ಕೊಟ್ಟು ಕಳಿಸಿದರು. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಅವರು ಹೇಳಿದ್ದು ಅಕ್ಷರಶಃ ನಿಜ. ತಂತಿ ಕಾದಿರುತ್ತದೆ. ಸಂಖ್ಯೆ ಮೆಟ್ಟಿಲು ಇಳಿದರೂ ತಂತಿ ತಣ್ಣಗಾಗಲು ಹೊತ್ತು ಬೇಕು, ಹಾಗಾಗಿ ಬೆಳಕು ಜಾರುತ್ತದೆ. ಇಳಿದಂತೆಲ್ಲ ತಾನಾಗಿ ಹಳದಿಯಿಂದ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಒಲೆಯ ಮುಂದೆ ಕೂತ ಮುಖಕ್ಕೆ ಬೇಕಾದದ್ದು ಅದೇ ಬಣ್ಣ. ಚಿಕ್ಕವನಿದ್ದಾಗ ಊರಿಗೆ ಬಂದ ನೀನಾಸಂ ತಿರುಗಾಟದ ನಾಟಕಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದೂ ಇಂಥ ಬೆಳಕೇ.

ಈಗಿನ ವ್ಯವಸ್ಥೆ ಹೀಗಿದೆ. ಎಂಟೂ ಪಾರ್ ಒಟ್ಟಿಗೆ ಆರುವುದಿಲ್ಲ. ಹಿಂದಿನವು ಮೊದಲು, ಪಕ್ಕದವು ಆಮೇಲೆ, ಒಂದೊಂದೂ ಬೇರೆ ಬೇರೆ ಹೊತ್ತಿಗೆ. ಒಂದರ ಮೆಟ್ಟಿಲು ಇನ್ನೊಂದರ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. 20 ಸೆಕೆಂಡಿಗೆ ಎಲ್‌ಇಡಿ ಎಲ್ಲ ಮುಗಿದಿರುತ್ತವೆ. ಅಲ್ಲಿಂದ ಮುಂದೆ ಒಂದೇ ಹ್ಯಾಲೊಜೆನ್. ಅದನ್ನೂ ದೃಶ್ಯದ ಕತ್ತಲು ಶುರುವಾದಾಗಿನಿಂದಲೇ ಎರಡು ಕಂತಿನಲ್ಲಿ ಇಳಿಸುತ್ತೇನೆ: 255ರಿಂದ 90ಕ್ಕೆ 18 ಸೆಕೆಂಡ್, 90ರಿಂದ ಸೊನ್ನೆಗೆ 28. ಕೂಡಿದರೆ 46 ಆಗುತ್ತದೆ. ಆದರೆ ಸುಮಾರು 20ಕ್ಕಿಂತ ಕೆಳಗೆ ಈ ದೀಪದ ತಂತಿ ಹೊಳೆಯುವುದೇ ಇಲ್ಲ, ಹಾಗಾಗಿ ಕಣ್ಣಿಗೆ ಕತ್ತಲಾಗುವುದು ಸರಿಯಾಗಿ 40ಕ್ಕೆ.

ಆಗಸ್ಟ್ 17

ಗ್ರ್ಯಾಂಡ್ ರಿಹರ್ಸಲ್. ಮೊದಲ ಅಂಕದಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯಿತು. ಜನರೇಟರ್ ಬಂದ ಕೂಡಲೇ ಲೈಟುಗಳು ಇದ್ದ ಕ್ಯೂಗೇ ಬಂದು ನಿಂತವು.

ಕೊನೆಯ ದೃಶ್ಯ. ಅಕ್ಕ ಒಲೆಯ ಮುಂದೆ ಕೂತರು. ಸ್ಪೇಸ್ ಒತ್ತಿ ಕೈ ತೆಗೆದೆ. ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಮೊದಲು ಗೋಡೆ ಹೋಯಿತು, ಆಮೇಲೆ ಒಲೆ, ಆಮೇಲೆ ಅವರ ಕೈ. ಮುಖ ಯಾವಾಗ ಹೋಯಿತು ಅಂತ ನನಗೇ ಗೊತ್ತಾಗಲಿಲ್ಲ, ಪರದೆಯ ಮೇಲೆ ಸಂಖ್ಯೆ ನೋಡುತ್ತಾ ಕೂತಿದ್ದವನಿಗೆ!

ಕತ್ತಲಲ್ಲೇ ಮೇಷ್ಟ್ರ ದನಿ ಬಂತು. "ಇನ್ನೊಂದೆರಡು ಸೆಕೆಂಡ್ ಸಿಗುತ್ತೇನೋ?"

28 ಇದ್ದದ್ದನ್ನು 30 ಮಾಡಿದೆ. ಫೈಲ್ ಉಳಿಸಿ, ಪೆನ್ ಡ್ರೈವ್‌ಗೆ ಒಂದು ಪ್ರತಿ ಹಾಕಿಕೊಂಡೆ.