ಹನುಮಂತನಗರದಲ್ಲಿ ಇಷ್ಟೊಂದು ಏರು ಏಕೆ?

ಮನೆಗೆ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ ಏದುಸಿರಿನಲ್ಲಿ ಕೇಳುತ್ತಾರೆ: "ಬೆಂಗಳೂರು ಸಮತಟ್ಟಾದ ಊರು ಎನ್ನುತ್ತಾರಲ್ಲ, ನಿಮ್ಮ ಹನುಮಂತನಗರದಲ್ಲಿ ಮಾತ್ರ ಏಕೆ ಇಷ್ಟು ಏರು?"

ನಾವು ಮನೆ ಕಟ್ಟಿಕೊಂಡಿರುವುದೇ ಗುಡ್ಡದ ಮೈಮೇಲೆ. ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಸ್ಥಾನವಿರುವ ನರಹರಿರಾಯರ ಗುಡ್ಡ, ಪಕ್ಕದ ಕಹಳೆ ಬಂಡೆ, ಗವಿಪುರದಲ್ಲಿ ಗಂಗಾಧರೇಶ್ವರನಿರುವ ಗವಿ, ಎಲ್ಲವೂ ಹಳೆಯ ಬಂಡೆಯೇ. ಇದೇ ಜಾತಿಯ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು.

ಈ ದಿಣ್ಣೆ ಮಳೆನೀರನ್ನೂ ಇಬ್ಭಾಗ ಮಾಡುತ್ತದೆ. ಪಡುವಣಕ್ಕೆ ಇಳಿದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಲಾಲ್‌ಬಾಗ್ ಕಡೆ ಹರಿದದ್ದು ಬೆಳ್ಳಂದೂರು ಕೆರೆಯನ್ನು ಹಾದು ದಕ್ಷಿಣ ಪಿನಾಕಿನಿಗೆ. ವೃಷಭಾವತಿ ಬಸವನಗುಡಿ ದೇವಸ್ಥಾನದ ದೊಡ್ಡ ಬಸವಣ್ಣನ ಪಾದದಲ್ಲೇ ಹುಟ್ಟುತ್ತಾಳೆ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಜೋರು ಮಳೆಯಲ್ಲಿ ನಮ್ಮ ರಸ್ತೆಯ ಕೆಂಪು ನೀರು ಮೋರಿಗೆ ಧುಮುಕುವುದನ್ನು ನೋಡುವಾಗ ಇದು ಕಾವೇರಿಯ ಕಡೆಗೆ ಹೊರಟಿತು ಎಂದುಕೊಳ್ಳುತ್ತೇನೆ.

ಒಂದು ಕಾಲಕ್ಕೆ ಸುತ್ತಲಿನ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ಕಾರ್ತಿಕದ ಕೊನೆಯ ಸೋಮವಾರದ ಪರಿಷೆ ಅದರ ಗುರುತು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಜನ ಹೊರಗೆ ನೆಲೆ ಹುಡುಕಿದಾಗ ಬಸವನಗುಡಿ ಬೆಳೆಯಿತು. ಅಲ್ಲಿ ನೇರ ರಸ್ತೆಗಳನ್ನು ಎಳೆಯಲು ನೆಲ ಒಪ್ಪಿತು. ಆಮೇಲೆ ಊರು ಗುಡ್ಡ ಹತ್ತತೊಡಗಿದಾಗ ಆ ಲೆಕ್ಕ ನಡೆಯಲಿಲ್ಲ.

ನಮ್ಮ ಸಾಲಿನ ಮನೆಗಳ ಮೆಟ್ಟಿಲು ಎಣಿಸಿದರೆ ಸಾಕು. ಕೆಳಗಿನ ಮನೆಗೆ ಎರಡು, ಮೇಲಿನದಕ್ಕೆ ಐದು, ಎದುರು ಮನೆಗೆ ರಸ್ತೆಯಿಂದ ಕೆಳಕ್ಕೇ ಇಳಿಯಬೇಕು. ಹಳಬರು ಬಂಡೆ ಅಡ್ಡ ಬಂದ ಕಡೆ ಪಾಯವನ್ನು ಅದರ ಮೇಲೆಯೇ ಎತ್ತಿ ಕಟ್ಟಿದರು. ಈಗ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಲು ಅದನ್ನೇ ಒಡೆಯುತ್ತಾರೆ. ಯಂತ್ರದ ಸದ್ದು ಕೇಳಿದ ದಿನ ನನಗೆ ಊಟ ರುಚಿಸುವುದಿಲ್ಲ. ಮನೆಯನ್ನು ಮತ್ತೆ ಕಟ್ಟಬಹುದು, ಬಂಡೆಯನ್ನು ಯಾರು ಕಟ್ಟುತ್ತಾರೆ?

ಬೆಳಿಗ್ಗೆ ಸೊಪ್ಪಿನ ತಳ್ಳುಗಾಡಿಯವರು ಬಂದಾಗ ನೋಡಬೇಕು. ಗಾಡಿ ನಿಲ್ಲಿಸಿದೊಡನೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾರೆ, ಆಮೇಲೆ "ಸೊಪ್ಪೂ" ಎಂದು ಕೂಗುತ್ತಾರೆ. ಆ ಕಲ್ಲು ವರ್ಷಗಳಿಂದ ನಮ್ಮ ಗೇಟಿನ ಪಕ್ಕದಲ್ಲೇ ಇದೆ. ಯಾರೂ ಅದನ್ನು ಎತ್ತಿ ಎಸೆದಿಲ್ಲ.