ಹೈಬ್ರಿಡ್ ಕಾರಿನ ಎರಡನೇ ಕೂಲೆಂಟ್ ಡಬ್ಬಿ ನೋಡಿದ್ದೀರಾ?

ಬಳ್ಳಾರಿಯಲ್ಲಿ ಈಗ ಹೈಬ್ರಿಡ್ ಕಾರು ಜಾಸ್ತಿ ಕಾಣಿಸುತ್ತಿವೆ. ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾ, ಮೂರೂ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿಗಳು. ತಗೊಂಡವರನ್ನು ಮಾತಾಡಿಸಿದರೆ ಮೈಲೇಜ್ ಲೆಕ್ಕ ಹೇಳುತ್ತಾರೆ. ಬಾನೆಟ್ ಒಳಗೆ ಕೂಲೆಂಟ್ (ಬಿಸಿ ತೆಗೆಯುವ ದ್ರವ) ಡಬ್ಬಿ ಎಷ್ಟಿವೆ ಅಂತ ಕೇಳಿದರೆ "ಒಂದೇ ಅಲ್ವಾ?" ಅಂತಾರೆ.

ಬಹಳಷ್ಟು ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ, ಅಂದರೆ ಸ್ವಲ್ಪ ದೂರ ಬರೀ ಬ್ಯಾಟರಿ ಮೇಲೇ ಓಡಬಲ್ಲ ಗಾಡಿಗಳಲ್ಲಿ, ಎರಡು ಇರುತ್ತವೆ. ಒಂದು ಎಂಜಿನ್‌ಗೆ, ಇನ್ನೊಂದು ಇನ್ವರ್ಟರ್‌ಗೆ. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬೇಕಾದ ಹಾಗೆ ಬದಲಾಯಿಸುವ ಪೆಟ್ಟಿಗೆ ಈ ಇನ್ವರ್ಟರ್. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನ ಹಳೇ ಎರಡನೇ ತಲೆಮಾರಿನಲ್ಲಿ ಬ್ಯಾಟರಿ ಸುಮಾರು 200 ವೋಲ್ಟ್, ಅದನ್ನು 500 ವೋಲ್ಟ್ ತನಕ ಏರಿಸಿ ಮೋಟರಿಗೆ ಕೊಡುತ್ತಿದ್ದರು. ಇಷ್ಟು ಕೆಲಸ ಮಾಡಿದರೆ ಬಿಸಿ ಆಗಲೇಬೇಕು. ಆ ಬಿಸಿ ತೆಗೆಯೋಕೆ ಬೇರೆ ಕೂಲೆಂಟ್ ಲೈನ್, ಅದನ್ನು ಓಡಿಸೋಕೆ ಒಂದು ಪುಟ್ಟ ಎಲೆಕ್ಟ್ರಿಕ್ ಪಂಪು. ಇದಕ್ಕೆ ಬೆಲ್ಟ್ ಇಲ್ಲ. ಕೆಟ್ಟು ನಿಂತರೂ ನಿಮಗೆ ಸದ್ದಿನಿಂದ ಗೊತ್ತಾಗುವುದು ಕಷ್ಟ. ಮುಂದೆ ಕಾಣಿಸುವ ಟೆಂಪರೇಚರ್ ಮೀಟರ್ ಎಂಜಿನ್ ವಿಷಯ ಮಾತ್ರ ಹೇಳುತ್ತದೆ, ಇನ್ವರ್ಟರ್ ಒಳಗೆ ಬೇಯುತ್ತಿದ್ದರೂ ಮುಳ್ಳು ನಡುವೆಯೇ ನಿಂತಿರುತ್ತದೆ.

ನಮ್ಮ ಕಡೆಯವರು ಇದಕ್ಕೆ ಜಾಸ್ತಿ ಗಮನ ಕೊಡಬೇಕು ಅಂತ ನಾನು ಹೇಳೋದು ಸುಮ್ನೆ ಅಲ್ಲ. ಎಂಜಿನ್ ಕೂಲೆಂಟ್ 90 ಡಿಗ್ರಿ ಆಸುಪಾಸಿನಲ್ಲಿ ಆರಾಮಾಗಿ ಕೆಲಸ ಮಾಡುತ್ತದೆ. ಇನ್ವರ್ಟರ್‌ನ ಕೂಲೆಂಟ್ ಅದಕ್ಕಿಂತ ತುಂಬಾ ತಂಪಾಗಿರಬೇಕು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಹೊರಗಿನ ಗಾಳಿಯೇ 40 ದಾಟಿರುತ್ತದೆ. ಆ ಗಾಳಿಯಿಂದಲೇ ಅದನ್ನು ತಂಪು ಮಾಡಬೇಕು ಅಂದರೆ ಉಳಿಯುವ ಅಂತರ ಕಡಿಮೆ. ಅದರ ಮೇಲೆ ತೋರಣಗಲ್ಲು, ಸಂಡೂರು ಕಡೆ ಓಡಾಡುವ ಗಾಡಿಯ ರೇಡಿಯೇಟರ್ ನೋಡಿ, ಅದಿರಿನ ಕೆಂಪು ಧೂಳು ಹೇಗೆ ಕೂತಿರುತ್ತದೆ ಅಂತ.

ಹೋದ ಬೇಸಿಗೆಯಲ್ಲಿ ನಮ್ಮ ಭಾವನವರ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕುಡತಿನಿ ಹತ್ತಿರ ಕೆಂಪು ತ್ರಿಕೋನದ ಎಚ್ಚರಿಕೆ ದೀಪ ತೋರಿಸಿ ಪಿಕಪ್ ಕಳಕೊಂಡಿತು. ಅಲ್ಲೇ ಒಂದು ಗ್ಯಾರೇಜಿನಲ್ಲಿ ನೋಡಿದವರು "ರೇಡಿಯೇಟರ್‌ನಾಗ ನೀರು ಫುಲ್ ಐತ್ರೀ ಅಣ್ಣಾ, ಏನೂ ಆಗಿಲ್ಲ" ಅಂದರು. ಗಾಡಿ ತಣ್ಣಗಾದ ಮೇಲೆ ಸರಿಯಾಗಿ ಓಡಿತು, ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಸ್ಕ್ಯಾನರ್ ಹಾಕಿದಾಗ ಪಿ0ಎ93 ಕೋಡ್ ಬಂತು. ಇನ್ವರ್ಟರ್ ಕೂಲಿಂಗ್ ಸರಿ ಇಲ್ಲ ಅಂತ ಅದರ ಅರ್ಥ. ಪಂಪು ಸತ್ತಿತ್ತು. ಎಂಜಿನ್ ಡಬ್ಬಿಯಲ್ಲಿ ನೀರು ಎಷ್ಟು ಫುಲ್ ಇದ್ದರೂ ಏನು ಉಪಯೋಗ, ಹೇಳಿ. ಹಾಗೇ ಎಳೆದುಕೊಂಡು ಹೋಗಿದ್ದರೆ ಇನ್ವರ್ಟರ್‌ಗೇ ಪೆಟ್ಟು ಬೀಳುತ್ತಿತ್ತು. ಅದರ ಬೆಲೆ ಮುಂದೆ ಪಂಪಿನ ಬೆಲೆ ಏನೂ ಅಲ್ಲ.

ಈ ಪಂಪಿನ ಕಾಯಿಲೆ ಹಳೆಯದು. 2012ರ ನವೆಂಬರಿನಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 27.7 ಲಕ್ಷ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆಯಿತು, ಇದಕ್ಕೇ ರಿಕಾಲ್ ಅನ್ನೋದು. ಕಾರಣ ಸ್ಟೀರಿಂಗ್. ಅವುಗಳಲ್ಲಿ ಸುಮಾರು 6.3 ಲಕ್ಷ ಹೈಬ್ರಿಡ್‌ಗಳಲ್ಲಿ ನೀರಿನ ಪಂಪನ್ನೂ ಸರಿಮಾಡಬೇಕಿತ್ತು. ಪಂಪಿನ ಮೋಟರಿನ ಕಾಯಿಲ್ ತಂತಿ ತುಕ್ಕು ಹಿಡಿದು ಶಾರ್ಟ್ ಆಗಬಹುದು, ಫ್ಯೂಸ್ ಹೋದರೆ ಓಡುವಾಗಲೇ ಹೈಬ್ರಿಡ್ ಸಿಸ್ಟಮ್ ನಿಲ್ಲಬಹುದು ಅನ್ನೋದು ಭಯ. ಮತ್ತೆ 2014ರ ಫೆಬ್ರವರಿಯಲ್ಲಿ 19 ಲಕ್ಷ ಪ್ರಿಯಸ್‌ಗಳ ಸಾಫ್ಟ್‌ವೇರ್ ಬದಲಾಯಿಸಬೇಕಾಯಿತು. ಆಗಲೂ ಇನ್ವರ್ಟರ್ ಒಳಗಿನ ಟ್ರಾನ್ಸಿಸ್ಟರ್‌ಗಳಿಗೆ ಬೀಳುವ ಬಿಸಿಯೇ ಕಾರಣ.

ಆ ಸ್ಟೀರಿಂಗ್ ಸಮಸ್ಯೆ ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಸ್ಟೀರಿಂಗ್ ಚಕ್ರದಿಂದ ಕೆಳಗಿನ ಗೇರಿಗೆ ಹೋಗುವ ನಡುವಿನ ರಾಡಿನಲ್ಲಿ ಹಲ್ಲುಗಳಿರುತ್ತವೆ. ಕೆಲವು ರಾಡುಗಳ ಗಟ್ಟಿತನ ಸಾಲದೇ, ನಿಧಾನ ವೇಗದಲ್ಲಿ ಪದೇ ಪದೇ ಜೋರಾಗಿ ಕೊನೆ ತನಕ ತಿರುಗಿಸಿದರೆ ಹಲ್ಲು ಸವೆದು ಆಟ, ಅಂದರೆ ಸಡಿಲ, ಬರುತ್ತಿತ್ತು. ಕೌಲ್ ಬಜಾರಿನ ಸಂದಿಯಲ್ಲಿ, ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ಗಾಡಿ ನಿಲ್ಲಿಸುವಾಗ ನಾವು ಮಾಡೋದು ಅದನ್ನೇ ಅಲ್ವಾ? ಗಾಡಿ ನಿಂತಲ್ಲೇ ಸ್ಟೀರಿಂಗ್ ಕೊನೆಗೆ ಮುಟ್ಟಿಸಿ ಹಿಡಿದುಕೊಳ್ಳುತ್ತೇವೆ. ಗಾಡಿಯನ್ನು ಒಂಚೂರು ಉರುಳಿಸುತ್ತಾ ತಿರುಗಿಸಿ, ರಾಡು, ಸ್ಟೀರಿಂಗ್ ಮೋಟರು, ಟೈರು ಎಲ್ಲವೂ ಬಾಳಿಕೆ ಬರುತ್ತವೆ. ಸ್ಟೀರಿಂಗ್‌ನಲ್ಲಿ ಕಟಕಟ ಸದ್ದು ಅಥವಾ ಆಟ ಅನಿಸಿದರೆ ಮುಂದೂಡಬೇಡಿ. ಓಡುವಾಗ ಹೈಬ್ರಿಡ್ ಸಿಸ್ಟಮ್ ನಿಂತು ಸ್ಟೀರಿಂಗ್ ಭಾರವಾದರೆ ಗಾಬರಿಯಾಗಬೇಡಿ, ಜೋರು ಹಾಕಿದರೆ ತಿರುಗುತ್ತದೆ. ಪಕ್ಕಕ್ಕೆ ತಗೊಂಡು ನಿಲ್ಲಿಸಿ.

ಪಂಪು ನೋಡುವುದು ಸುಲಭ, ಎಲ್ಲ ಮಾಡೆಲ್‌ನಲ್ಲೂ ಕಾಣಿಸದಿದ್ದರೂ. ಗಾಡಿ ಆನ್ ಮಾಡಿ ಮುಂದೆ READY ಅಂತ ಬಂದ ಮೇಲೆ ಬಾನೆಟ್ ತೆಗೆದು, ಇನ್ವರ್ಟರ್ ಡಬ್ಬಿಯೊಳಗೆ ಕೂಲೆಂಟ್ ಕದಲುತ್ತಿದೆಯಾ ನೋಡಿ. ಹಳೇ ಪ್ರಿಯಸ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕದಲದೇ ನಿಂತಿದ್ದರೆ ಪಂಪಿನ ಮೇಲೆ ಅನುಮಾನ ಪಡಿ. ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ, ಅವು ಹೈ ವೋಲ್ಟೇಜ್.

ಇನ್ನೊಂದು ಮಾತು, ದಯವಿಟ್ಟು ಬೋರ್ ನೀರು ಹಾಕಬೇಡಿ. ನಮ್ಮ ಬೋರ್ ನೀರಲ್ಲಿ ಬಿಸಿ ಮಾಡಿದ ಪಾತ್ರೆಗೇ ಬಿಳಿ ಪದರ ಕಟ್ಟುತ್ತದೆ. ಇನ್ವರ್ಟರ್ ಒಳಗಿನ ಸಣ್ಣ ದಾರಿಯಲ್ಲಿ ಅದು ಕಟ್ಟಿದರೆ ತೆಗೆಯುವವರು ಯಾರು? ಕಂಪನಿ ಹೇಳಿದ ರೆಡಿಮಿಕ್ಸ್ ಕೂಲೆಂಟನ್ನೇ ಹಾಕಿಸಿ. ಲೆವೆಲ್ ಪದೇ ಪದೇ ಇಳಿಯುತ್ತಿದ್ದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿಸಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಚಾಸಿ ನಂಬರ್ ಕೊಟ್ಟು ರಿಕಾಲ್ ಕೆಲಸ ಬಾಕಿ ಇದೆಯಾ ಅಂತ ಕಂಪನಿ ವೆಬ್‌ಸೈಟಿನಲ್ಲೋ ಶೋರೂಮಿನಲ್ಲೋ ಕೇಳಿ. ಬಾಕಿ ಇದ್ದರೆ ಅದನ್ನು ಮಾಡಿಸಿ ಕೊಡಿ ಅಂತ ಮಾರುವವರಿಗೇ ಹೇಳಿ, ದುಡ್ಡು ಕೈಗೆ ಕೊಡೋ ಮೊದಲೇ.